ತಲೆಗಲ್ಲು

ಕರಿಯಣ್ಣನ ಬಲಗೈ ಮಂಗಳೂರಿನಲ್ಲಿತ್ತು. ಉಳಿದ ಕರಿಯಣ್ಣ ಕೆಂಗಲ್ಲಹಳ್ಳಿಯ ಕೇರಿಯಲ್ಲಿದ್ದ.

ಮಂಗಳೂರು ಹಳೆಯ ಊರು. ಹೊಳೆ ಸಮುದ್ರ ಸೇರುವ ಬಾಯಲ್ಲಿ ಅದರ ಹಳೇ ಬಂದರು. ಮೆಣಸು, ಅಕ್ಕಿ, ಕಾಫಿ, ಹಂಚು ಎಲ್ಲ ಅಲ್ಲಿಂದಲೇ ಹೋಗಿದ್ದು. ಅದಕ್ಕಾಗಿ ರಾಜರು, ಪರಂಗಿಗಳು, ಇಂಗ್ಲಿಷರು ಒಬ್ಬರ ಮೇಲೊಬ್ಬರು ಬಿದ್ದು ಬಡಿದಾಡಿದ್ದು. ಆದರೆ ಆ ಬಾಯಿ ತುಂಬ ಹೂಳು. ದೊಡ್ಡ ಹಡಗು ದೂರದಲ್ಲೇ ನಿಲ್ಲಬೇಕು, ಸರಕು ದೋಣಿಯಲ್ಲಿ ಬರಬೇಕು. ಆಮೇಲೆ ಊರಾಚೆ ಹೊಸ ಬಂದರು ತೋಡಬೇಕೆಂದು ದೊಡ್ಡವರು ತೀರ್ಮಾನ ಮಾಡಿದರು. ಅಲ್ಲಿದ್ದ ಬಡವರನ್ನು ಎಬ್ಬಿಸಿದರು. ಅಲೆ ತಡೆಯಲು ಕಡಲೊಳಕ್ಕೆ ಎರಡು ಉದ್ದನೆಯ ಕಲ್ಲಿನ ಗೋಡೆ ಬೇಕಿತ್ತು. ಗೋಡೆಗೆ ಕಲ್ಲು ಬೇಕು. ಕಲ್ಲಿಗೆ ಬೆನ್ನು ಬೇಕು. ಬೆನ್ನುಗಳನ್ನು ಹುಡುಕಿಕೊಂಡು ಒಬ್ಬ ಮೇಸ್ತ್ರಿ ಹಳೇಬೀಡಿನ ಹತ್ತಿರದ ಕೆಂಗಲ್ಲಹಳ್ಳಿಗೆ ಬಂದ. ಊರೊಳಕ್ಕೆ ಹೋಗಲಿಲ್ಲ. ನೇರ ಕೇರಿಗೆ ಬಂದ. ಬೆನ್ನು ಎಲ್ಲಿ ಸಿಗುತ್ತದೆಂದು ಮೇಸ್ತ್ರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕರಿಯಣ್ಣನಿಗೆ ಆಗ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಲಾರಿ ಹತ್ತಿ ಹೋದ. ಬಂಡೆ ಇಳಿಸುವಾಗ ಒಂದು ದಿನ ಸರಪಳಿ ಜಾರಿತು. ಎರಡು ಬಂಡೆಗಳ ನಡುವೆ ಅವನ ಮುಂಗೈ ಸಿಕ್ಕಿಕೊಂಡಿತು. ಮೇಲಿನ ಬಂಡೆ ಎತ್ತಿದರೆ ಗೋಡೆಯ ಅಂಚು ಕುಸಿಯುತ್ತದೆ ಎಂದ ಮೇಸ್ತ್ರಿ. ಅಲೆ ಏರುತ್ತಿತ್ತು. ಬಂಡೆ ಎತ್ತಲಿಲ್ಲ. ಕೈ ಕತ್ತರಿಸಿದರು.

ಗೋಡೆ ನಿಂತಿತು. ಹಡಗು ಬಂದವು. ಆಮೇಲೆ ಘಟ್ಟ ಕೊರೆದು ರೈಲು ಇಳಿಯಿತು, ಅದಿರು ಇಳಿಯಿತು, ಎಣ್ಣೆಯ ಟ್ಯಾಂಕುಗಳು ಎದ್ದವು, ಮೇಲ್ಸೇತುವೆ, ಮಾಲ್, ಇಪ್ಪತ್ತು ಅಂತಸ್ತಿನ ಮನೆ. ಟಿವಿಯಲ್ಲಿ ಮಂಗಳೂರು ತೋರಿಸಿದಾಗಲೆಲ್ಲ ಕರಿಯಣ್ಣ ತನ್ನ ಮೊಂಡುಗೈ ಎತ್ತುತ್ತಿದ್ದ. "ನೋಡ್ಲಾ, ಅಲ್ಲಿ ನನ್ ಕೈ ಐತೆ. ಅದು ಹಿಡ್ಕಂಡಿರೋದ್ಕೇ ಆ ಊರು ನಿಂತಿರಾದು" ಎನ್ನುತ್ತಿದ್ದ. ಮಗ ಬೀರೇಶ ನಗುತ್ತಿದ್ದ. ಹೆಂಡತಿ ಕೆಂಚಮ್ಮ ನಗುತ್ತಿರಲಿಲ್ಲ. ಮಳೆಗಾಲದಲ್ಲಿ ಇಲ್ಲದ ಬೆರಳುಗಳು ನೋಯುತ್ತವೆಂದು ಅವನು ಹೊರಳಾಡುವುದನ್ನು ಕಂಡವಳು ಅವಳು.

ಆ ಕೇರಿಯಲ್ಲಿ ಒಂದು ಪದ್ಧತಿ. ಧಾರೆಗೆ ಮುಂಚೆ ಗಂಡು ಒಂದು ಗುಂಡುಕಲ್ಲನ್ನು ನೆಲದಿಂದ ಎತ್ತಿ ಹೆಗಲಿಗೆ ಹಾಕಬೇಕು. ಎತ್ತಿದ ಕಲ್ಲು ಅವನದು. ಬದುಕಿರುವ ತನಕ ಮನೆ ಮುಂದೆ ಬಿದ್ದಿರುತ್ತದೆ. ಅದರ ಮೇಲೆ ಕೂರುತ್ತಾರೆ, ಕಾಯಿ ಒಡೆಯುತ್ತಾರೆ. ಸತ್ತಾಗ ಅದನ್ನೇ ಹೂತ ಗುಳಿಯ ತಲೆಯ ಕಡೆ ಇಡುತ್ತಾರೆ. ಅದೇ ತಲೆಗಲ್ಲು. ಹೆಸರು ಕೆತ್ತಿಸುವ ಶಕ್ತಿ ಯಾರಿಗಿತ್ತು? ಕಲ್ಲು ನೋಡಿದರೆ ಸಾಕು, ಇದು ಇಂಥವನದು ಎನ್ನುತ್ತಿದ್ದರು. ಹೆಂಗಸರಿಗೆ ಬೇರೆ ಕಲ್ಲಿಲ್ಲ. ಗಂಡನ ಪಕ್ಕದಲ್ಲಿ ಗುಳಿ, ಇಬ್ಬರಿಗೂ ಒಂದೇ ಕಲ್ಲು.

ಒಂದು ಕೈಯ ಗಂಡು ಗುಂಡು ಎತ್ತುವುದು ಹೇಗೆ? ಮದುವೆಯ ದಿನ ಕರಿಯಣ್ಣ ಎದೆಗೆ ಒತ್ತಿ ಎತ್ತಲು ನೋಡಿದ. ಕಲ್ಲು ಜಾರಿತು. ಮತ್ತೆ ನೋಡಿದ. ಊರಿನಿಂದ ತಮಾಷೆ ನೋಡಲು ಬಂದಿದ್ದವರು ಸಿಳ್ಳೆ ಹೊಡೆದರು. ಅರಿಸಿನದ ಸೀರೆಯಲ್ಲಿದ್ದ ಕೆಂಚಮ್ಮ ಎದ್ದು ಬಂದವಳೇ ಕಲ್ಲಿನ ಒಂದು ಕಡೆ ಕೈ ಕೊಟ್ಟಳು. ಇಬ್ಬರೂ ಸೇರಿ ಎತ್ತಿದರು. ಹಿರಿಯರು ಗೊಣಗಿದರು. ಕರಿಯಣ್ಣ ಅಂದ: "ಅವ್ಳೂ ಇದ್ರಡೀಲೇ ಮಲಗೋಳಲ್ವಾ? ಅವ್ಳೂ ಎತ್ಲಿ."

ಅವನು ಸತ್ತು ಆರೇಳು ವರ್ಷವಾಯಿತು. ಗುಡ್ಡದ ಇಳಿಜಾರಿನಲ್ಲಿ, ಕೇರಿಯ ಹೆಣಗಳು ತಲೆಮಾರಿನಿಂದ ಮಲಗಿದ್ದ ಜಾಗದಲ್ಲಿ, ಅವನನ್ನೂ ಮಲಗಿಸಿ ಆ ಕಲ್ಲು ಇಟ್ಟರು. ಪಕ್ಕದಲ್ಲಿ ಕೆಂಚಮ್ಮನ ಜಾಗ ಖಾಲಿ ಬಿಟ್ಟಿದ್ದರು.

ಈಗ ಮಂಗಳೂರಿಗೆ ಮತ್ತೆ ಕಲ್ಲು ಬೇಕಾಯಿತು. ಊರು ಬೆಳೆದಿದೆ, ಹಡಗು ಬೆಳೆದಿವೆ, ಗೋಡೆಯೂ ಬೆಳೆಯಬೇಕಂತೆ. ಅಲ್ಲಿ ಕಲ್ಲಿಲ್ಲವೇ? ಇದೆ. ಆದರೆ ಅಲ್ಲಿಯ ಜನ ತಮ್ಮ ಗುಡ್ಡ ಮುಟ್ಟಿದರೆ ರಸ್ತೆಗೆ ಇಳಿಯುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಬಾಯಿ ಇಲ್ಲದ ಗುಡ್ಡ ಎಲ್ಲಿದೆ ಎಂದು ಗುತ್ತಿಗೆದಾರರು ಹುಡುಕಿದರು. ಕೆಂಗಲ್ಲಹಳ್ಳಿಯ ಜಮೀನುದಾರ ಲಕ್ಕಪ್ಪನ ಮಗ ಶರತ್ ಕೈ ಎತ್ತಿದ. ಹಳೇಬೀಡಿನ ಗುಡಿಯ ಹತ್ತಿರ ಸಿಡಿಮದ್ದು ಇಡುವಂತಿಲ್ಲ, ಕೆತ್ತಿದ ಕಲ್ಲಿಗೆ ಸರ್ಕಾರದ ಕಾವಲಿದೆ. ಗುಡಿಯಿಂದ ದೂರದ ಈ ಗುಡ್ಡದಲ್ಲಿ ಇರುವುದು ಕೆತ್ತದ ಕಲ್ಲು. ಅದು ದಾಖಲೆಯಲ್ಲಿ ಗೋಮಾಳ. ಸತ್ತವರು ದಾಖಲೆಯಲ್ಲಿಲ್ಲ.

ಕಲ್ಲುಕೋರೆ ಶುರುವಾದ ಮೇಲೆ ಕೇರಿಯ ಹೆಂಗಸರೆಲ್ಲ ಅಲ್ಲೇ ಕೂಲಿ. ಜೆಸಿಬಿಗೆ ಸಿಗದ ಕಲ್ಲನ್ನು ಕೈಯಲ್ಲಿ ಆರಿಸಿ ಟಿಪ್ಪರಿಗೆ ತುಂಬುವ ಕೆಲಸ. ಕೆಂಚಮ್ಮನ ಉಗುರು ಎರಡು ಸಲ ಕಿತ್ತು ಬಂದಿತ್ತು. ಉಗುಳಿದರೆ ಬೂದಿ ಬಣ್ಣ. ಶರತ್ ಒಳ್ಳೆಯವನೆಂದು ಹೆಸರು. ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ ಟೀ ಕೊಡಿಸುತ್ತಿದ್ದ. ಪೇಪರ್ ಕಪ್ ಬಂದ ಮೇಲೆ ಬೇರೆ ಲೋಟ ಇಡುವ ತಾಪತ್ರಯ ತಪ್ಪಿದೆ. ಕುಡಿದು ಬಿಸಾಕಿದರೆ ಮುಟ್ಟು ಮೈಲಿಗೆಯೂ ಜೊತೆಗೇ ಹೋಗುತ್ತದೆ. ಬೀರೇಶ ಅವನ ಟಿಪ್ಪರ್ ಓಡಿಸುತ್ತಿದ್ದ. ಅರಸೀಕೆರೆಯ ಗೂಡ್ಸ್ ಯಾರ್ಡಿಗೆ ಕಲ್ಲು ಹಾಕಿ ಬರುವುದು. ಅಲ್ಲಿಂದ ರೈಲಿನಲ್ಲಿ ಮಂಗಳೂರಿಗೆ.

ಹಿರಿಯರ ಹಬ್ಬಕ್ಕೆ ಮುಂಚೆ ಕೆಂಚಮ್ಮನೇ ಶರತ್‌ನನ್ನು ಕೇಳಿದಳು. ಜೊತೆಗೆ ಕೂಲಿಯ ಭಾಗ್ಯ ಇದ್ದಳು. ಅವಳ ಗಂಡುಕೂಸೂ ಆ ಇಳಿಜಾರಿನಲ್ಲೇ ಮಲಗಿತ್ತು.

"ಬುದ್ಧಿ, ಮಿಷನ್ನು ಗುಳಿ ಹತ್ರುಕ್ಕೆ ಬತ್ತಾ ಐತೆ."

"ಅಯ್ಯೋ ಕೆಂಚಮ್ಮ, ನಾನೇನು ರಾಕ್ಷಸನಾ?" ಎಂದ ಶರತ್. "ಎಲ್ಲೆಲ್ಲಿ ಸಮಾಧಿ ಇದೆ, ಆ ಕಲ್ಲಿಗೆಲ್ಲ ಸುಣ್ಣ ಹೊಡೀರಿ. ನಮ್ ಹುಡುಗ್ರಿಗೆ ಗೊತ್ತಾಗತ್ತೆ. ಅದ್ರಾಚೆಗೆ ಒಂದು ಹೆಜ್ಜೆ ಇಡಲ್ಲ. ಸುಣ್ಣ ನಾನೇ ಕೊಡಿಸ್ತೀನಿ."

ಸುಣ್ಣದ ಮೂಟೆ ಬಂತು. ಕೆಂಚಮ್ಮನ ಕಣ್ಣು ತುಂಬಿತು. ಸಾಯಲಿ ಆ ಕಣ್ಣೀರು! ಅವಳೇ ಮುಂದೆ ನಿಂತು ಕೇರಿಯವರಿಂದ ಕಲ್ಲು ತೊಳೆಸಿದಳು, ಬಳಿಸಿದಳು. ವಾರಸುದಾರರಿಲ್ಲದ ಕಲ್ಲುಗಳನ್ನು, ಮಣ್ಣಲ್ಲಿ ಹೂತು ತಲೆ ಮಾತ್ರ ಕಾಣುತ್ತಿದ್ದವನ್ನೂ ಅಗೆದು ಬಳಿದಳು. ಇಳಿಜಾರು ಬೆಳ್ಳಗೆ ಹೊಳೆಯಿತು. ದೂರದಿಂದಲೂ ಕಾಣುತ್ತಿತ್ತು, ಎಲ್ಲಿಂದ ಎಲ್ಲಿಯ ತನಕ ಎಂದು.

ಹಬ್ಬದ ದಿನ, ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ, ಕೆಂಚಮ್ಮ ಎಡೆ ಹೊತ್ತುಕೊಂಡು ಗುಡ್ಡಕ್ಕೆ ಹೋದಳು. ಮುದ್ದೆ, ಬಾಡಿನೆಸರು, ಬ್ರಾಂದಿ, ಬೀಡಿ. ಬೀರೇಶ ಹಿಂದೆ ಬಂದ. ಬೆಳಕು ಹರಿಯುವ ಮುಂಚೆ ಒಂದು ಲೋಡು ಹಾಕಿ, ಗಾಡಿ ತೊಳೆದು, ಹೂವು ಕಟ್ಟಿ ಬಂದಿದ್ದ.

ಇಳಿಜಾರು ಇರಲಿಲ್ಲ.

ಇದ್ದದ್ದು ಕೆಂಪು ಮಣ್ಣಿನ ಬಯಲು. ಜೆಸಿಬಿಯ ಹಲ್ಲಿನ ಗೆರೆಗಳು. ಮಣ್ಣಿನ ಗುಡ್ಡೆಯಲ್ಲಿ ಒಂದು ಹರಿದ ಕಂಬಳಿ, ಬಳೆಚೂರು, ಒಂದು ತೊಡೆಮೂಳೆ. ನಾಯಿಯೊಂದು ಏನನ್ನೋ ಕಚ್ಚಿಕೊಂಡು ಓಡಿತು. ಭಾಗ್ಯ ಮೊದಲೇ ಬಂದಿದ್ದಳು. ಮಣ್ಣಲ್ಲಿ ಕೂತು ಎರಡೂ ಕೈಯಲ್ಲಿ ಕೆದಕುತ್ತಿದ್ದಳು.

ಬೀರೇಶ ನೆಲ ನೋಡಿದ. ಟಿಪ್ಪರಿನ ಗಾಲಿಯ ಗುರುತು. ಅವನದೇ ಗಾಲಿ.

"ಅವ್ವ" ಎಂದ. "ಕತ್ತಲಲ್ಲಿ ಲೋಡ್ ಮಾಡುದ್ರು. ನಾನು ಕ್ಯಾಬಿನ್ನಾಗೆ ಮಲಗಿದ್ದೆ. ಟಾರ್ಪಾಲ್ ಹಾಕ್ಬುಟ್ಟಿದ್ರು. ಯಾರ್ಡಲ್ಲೂ ಕತ್ತಲೇ ಇತ್ತು, ಸುರುದ್ಬುಟ್ಟು ಬಂದೆ. ಗಾಡಿ ತೊಳೆಯೋವಾಗ ನೀರು ಬೆಳ್ಳಗೆ ಹೋಯ್ತು ಕಣವ್ವ. ಯಾಕೆ ಅಂತ ಯೋಚ್ನೆ ಮಾಡ್ಲಿಲ್ಲ."

ಕೆಂಚಮ್ಮ ಎಡೆಯ ಬುಟ್ಟಿ ಇಳಿಸಿ ಮಗನ ಕೆನ್ನೆಗೆ ಬಾರಿಸಿದಳು. ಅವನು ಕೆನ್ನೆ ಹಿಡಿದುಕೊಳ್ಳಲಿಲ್ಲ. ಇನ್ನೊಂದು ಏಟು ಬಿದ್ದರೂ ನಿಂತೇ ಇದ್ದ. ಅಪ್ಪನ ತಲೆಗಲ್ಲನ್ನು ಅವನೇ ಹೊತ್ತು ಹಾಕಿ ಬಂದಿದ್ದ.

ಜೆಸಿಬಿಯವನು ಬಂಡೆಯ ಮರೆಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಬೀರೇಶ ಅವನ ಅಂಗಿ ಹಿಡಿದ. ಅವನು ಬೇರೆ ಊರಿನವನು, ಗಾಬರಿಯಾದ. "ನನ್ನೇನ್ ಕೇಳ್ತೀಯ? ಸುಣ್ಣ ಹೊಡೆದಿರೋವಷ್ಟೂ ಹಬ್ಬುಕ್ಕೆ ಮುಂಚೆ ಕ್ಲಿಯರ್ ಮಾಡು, ಒಂದೂ ಉಳೀಬಾರ್ದು, ಆಮೇಲೆ ಕೇಸು ಗೀಸು ಅಂತಾರೆ ಅಂದ್ರು ಶರತಣ್ಣ."

ಅದಕ್ಕೇ ಸುಣ್ಣ. ಎಲ್ಲಿ ಎಷ್ಟು ಹೆಣವಿದೆ ಎಂಬುದು ಶರತ್‌ಗೆ ಗೊತ್ತಿರಲಿಲ್ಲ. ಕೇರಿಯವರ ಕೈಯಿಂದಲೇ ಗುರುತು ಹಾಕಿಸಿಕೊಂಡ. ಕಳ್ಳನಿಗೆ ದೀಪ ಹಿಡಿದವಳು ತಾನೇ ಎಂಬುದು ಕೆಂಚಮ್ಮನಿಗೆ ಅರ್ಥವಾಯಿತು.

ಲಕ್ಕಪ್ಪನ ಮನೆಯಲ್ಲೂ ಹಿರಿಯರ ಹಬ್ಬ. ಮುಂದೆ ದೊಡ್ಡ ಕಬ್ಬಿಣದ ಗೇಟು. ಕೇರಿಯವರು ಗೇಟಿಗೆ ಬರುವಂತಿಲ್ಲ. ಏನಿದ್ದರೂ ಹಿತ್ತಿಲ ಬಾಗಿಲು. ಕೆಂಚಮ್ಮ ಅವತ್ತು ಮಗನನ್ನು ಹಿಂದಿಟ್ಟುಕೊಂಡು ಗೇಟಿಗೇ ಹೋಗಿ ಬಡಿದಳು. ಶರತ್ ಬಂದ, ಹಿಂದೆ ಲಕ್ಕಪ್ಪ.

"ನಮ್ ಕಲ್ಲೆಲ್ಲಿ?"

"ಹುಡುಗ್ರು ಮಿಸ್ಟೇಕ್ ಮಾಡಿದಾರೆ, ಕೆಂಚಮ್ಮ."

"ನೀನೇ ಬಳಿಸ್ದೆ. ನೀನೇ ತೆಗುಸ್ದೆ. ಮಿಸ್ಟೇಕಂತೆ!"

ಏಕವಚನ ಕೇಳಿ ಲಕ್ಕಪ್ಪನ ಮುಖ ಕಪ್ಪಿಟ್ಟಿತು. "ಏನೇ, ಬಾಯಿ ಉದ್ದ ಆಯ್ತಾ? ಕಲ್ಲು ತಾನೆ? ಗುಡ್ಡದ ತುಂಬ ಅವೆ, ಬೇರೆ ತಂದು ಮಡಿಕ್ಕಳಿ. ನಿಮ್ಮೋರು ಬದುಕಿದ್ದಾಗ ಪಕ್ಕದ ಹಗರೆ ದಾಟಿರಲಿಲ್ಲ, ಸತ್ ಮ್ಯಾಲೆ ಸಮುದ್ರ ಸ್ನಾನ ಮಾಡ್ತಾವ್ರೆ. ಪುಣ್ಯ ಅಂದ್ಕಳಿ."

ಒಳಗಿನಿಂದ ಲಕ್ಕಪ್ಪನ ಹೆಂಡತಿ ರಂಗಮ್ಮ ಕೂಗಿದಳು: "ಹಬ್ಬದ ದಿನ ಬಾಗ್ಲಲ್ಲಿ ಜಗಳ ಯಾಕೆ? ಎಡೆದು ಒಂದಿಷ್ಟು ಮಿಕ್ಕೈತೆ, ಹಿತ್ಲಿಗೆ ಬಂದು ಇಸ್ಕೊಂಡು ಹೋಗಕ್ಕೇಳಿ."

ಶರತ್ ಬೀರೇಶನ ಕಡೆ ತಿರುಗಿದ. "ಏಯ್, ಅಮ್ಮನ್ನ ಕರ್ಕೊಂಡು ಹೋಗು. ಮಧ್ಯಾಹ್ನ ಒಂದು ಟ್ರಿಪ್ ಹೊಡಿ. ರೈಲು ಸಂಜೆಗೆ ಹೊರಡತ್ತೆ."

ಆ ಮಾತು ಅವನು ಆಡಬಾರದಿತ್ತು. ಕೆಂಚಮ್ಮ ಮಗನ ಮುಖ ನೋಡಿದಳು. ಕಲ್ಲು ಇನ್ನೂ ಅರಸೀಕೆರೆಯಲ್ಲಿತ್ತು.

ಶರತ್‌ನ ಟಿಪ್ಪರಿನಲ್ಲೇ ಹೋದರು. ಎಡೆಯ ಬುಟ್ಟಿ ಕೆಂಚಮ್ಮನ ತೊಡೆಯ ಮೇಲಿತ್ತು. ಯಾರೂ ಮುಟ್ಟಿರಲಿಲ್ಲ.

ಯಾರ್ಡಿನಲ್ಲಿ ಒಂದು ಕಡೆ ಕೊಬ್ಬರಿ ಮೂಟೆ, ಇನ್ನೊಂದು ಕಡೆ ಕಲ್ಲು. ಕೊನೆಯ ವ್ಯಾಗನ್ ಬಿಟ್ಟು ಉಳಿದವು ಆಗಲೇ ತುಂಬಿದ್ದವು. ಬೂದು ಬಂಡೆಗಳ ನಡುವೆ ಒಂದು ವ್ಯಾಗನ್ ಮಾತ್ರ ಬೆಳ್ಳಗಿತ್ತು. ಕೆಂಚಮ್ಮ ಸೀರೆ ಎತ್ತಿ ಕಟ್ಟಿ ಹತ್ತಿದಳು. ಕಲ್ಲಿನ ಮೇಲೆ ಮೊಣಕಾಲೂರಿ ಒಂದೊಂದನ್ನೇ ಮುಟ್ಟಿ ನೋಡಿದಳು. ಇದು ಅವಳ ಮಾವನದು. ಇದು ತಮಟೆಯ ಚಿಕ್ಕಣ್ಣನದು. ಇದು ಭಾಗ್ಯಳ ಕೂಸಿನದು, ಗುಂಡು ಎತ್ತುವ ವಯಸ್ಸಿಗೆ ಬಾರದ್ದಕ್ಕೆ ತಾಯಿ ಇಟ್ಟ ಸಣ್ಣ ಕಲ್ಲು. ಕೇರಿಗೆ ಕೇರಿಯೇ ಅಲ್ಲಿ ಅಡಕಿಬಿದ್ದಿತ್ತು. ಕೊನೆಗೆ ಸಿಕ್ಕಿತು. ಕರಿಯಣ್ಣ ಎಡಗೈಯಲ್ಲಿ ಕುಡುಗೋಲು ಮಸೆದು ಮಸೆದು ಬಿದ್ದಿದ್ದ ಗೆರೆ ಸುಣ್ಣದಡಿಯಲ್ಲೂ ಕೈಗೆ ಹತ್ತಿತು. ಅವಳು ಅದರ ಮೇಲೆ ಕೂತುಬಿಟ್ಟಳು.

ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ಶಶಿಧರ್ ಓಡಿಬಂದ. "ಏಯ್ ಮುದುಕಿ, ಇಳಿ ಕೆಳಗೆ! ತೂಕ ಆಗೋಗಿದೆ, ಒಂದು ಚೂರೂ ತೆಗಿಯೋ ಹಾಗಿಲ್ಲ."

"ನನ್ನೂ ತೂಕುಕ್ಕೆ ಸೇರುಸ್ಕೋ."

"ಹುಚ್ಚು ಗಿಚ್ಚು ಹಿಡಿದಿದೆಯಾ? ಇದು ಮಂಗಳೂರಿಗೆ ಹೋಗೋ ಮಾಲು."

"ಮಂಗಳೂರು!" ಕೆಂಚಮ್ಮನ ದನಿ ಒಡೆಯಿತು. "ಆ ಊರು ಕಟ್ಟಾಕೆ ಅಂತ ನನ್ ಗಂಡುನ್ ಕೈ ತಗಂಡ್ರಿ. ಬಂಡೆ ಎತ್ತಿದ್ರೆ ಗ್ವಾಡೆ ಬೀಳ್ತದೆ ಅಂತ ಕೈ ಕುಯ್ದ್ರಿ. ಊರು ದೊಡ್ಡದಾಯ್ತು. ಇನ್ನೂ ದೊಡ್ಡದಾಗ್ಬೇಕಾ? ಈಗ ತಲೆ ಬೇಕಾ? ಕೈ ಕೊಟ್ಟಾಯ್ತು. ತಲೆ ಕೊಡಾಕಿಲ್ಲ!"

ಹಮಾಲಿಗಳು ಮೂಟೆ ಇಳಿಸಿ ನಿಂತರು. ಶಶಿಧರ್ ಇಬ್ಬರನ್ನು ವ್ಯಾಗನ್ ಹತ್ತಿಸಿದ. ಅವರು ಕೆಂಚಮ್ಮನ ರಟ್ಟೆ ಹಿಡಿದು ಎಳೆದರು. ರವಿಕೆ ಹರಿಯಿತು, ಮೊಣಕೈ ಕಲ್ಲಿಗೆ ತಾಗಿ ರಕ್ತ ಬಂತು. ಅವಳು ಕಲ್ಲನ್ನು ತಬ್ಬಿ ಮಲಗಿದಳು. ಬೀರೇಶ ಮೇಲೆ ಹಾರಿ ಇಬ್ಬರನ್ನೂ ತಳ್ಳಿದ. ಗಲಾಟೆಗೆ ಜನ ಸೇರಿದರು, ಮೊಬೈಲುಗಳು ಮೇಲೆದ್ದವು. ಶಶಿಧರ್ ಹೆದರಿ ಶರತ್‌ಗೆ ಫೋನು ಮಾಡಿದ.

"ಒಂದು ಕಲ್ಲು ತಾನೆ? ಕೊಟ್ಟು ಕಳಿಸಿ" ಎಂದಿತು ಫೋನು. "ಒಂದೇ. ಇನ್ನೊಂದು ಕೇಳಿದ್ರೆ ಪೊಲೀಸ್ ಕರೆಸಿ."

ಒಂದೇ. ಕೆಂಚಮ್ಮ ಸುತ್ತ ನೋಡಿದಳು. ಭಾಗ್ಯಳ ಕೂಸಿನ ಕಲ್ಲು ಕೈಗೆಟುಕುವ ದೂರದಲ್ಲಿತ್ತು. ಸೆರಗಿನೊಳಗೆ ಹಾಕಿಕೊಂಡಳು. ಶಶಿಧರ್ ಕಂಡ. ಕಿತ್ತು ವಾಪಸ್ ಎಸೆದ. ಅದು ಬಂಡೆಗಳ ಸಂದಿಗೆ ಬಿದ್ದು ಕಾಣದಾಯಿತು.

ತಾಯಿ ಒಂದು ಕಡೆ, ಮಗ ಒಂದು ಕಡೆ ಹಿಡಿದು ಗುಂಡು ಇಳಿಸಿದರು. ಅವರ ಕಣ್ಣೆದುರೇ ರೈಲು ಹೊರಟಿತು. ಕೇರಿಯ ಸತ್ತವರೆಲ್ಲ ಘಟ್ಟ ಇಳಿದು ಸಮುದ್ರಕ್ಕೆ ಹೋದರು.

ಟಿಪ್ಪರ್ ಹತ್ತಿದ ಮೇಲೆ ಬೀರೇಶ ಕೇಳಿದ: "ಎಲ್ಲಿಗವ್ವ? ಮಡಗಾಕೆ ಜಾಗ ಎಲ್ಲೈತೆ?"

ತಲೆಗಲ್ಲು ಇತ್ತು. ತಲೆ ಇರಲಿಲ್ಲ. ಅದು ಯಾವ ಮಣ್ಣಿನ ಗುಡ್ಡೆಯಲ್ಲಿತ್ತೋ, ಯಾವ ನಾಯಿಯ ಬಾಯಲ್ಲಿತ್ತೋ.

"ಯಾರು ಜಾಗ ಕಿತ್ಕಂಡ್ರೋ ಅವ್ರುತಾವ್ಕೆ" ಎಂದಳು ಕೆಂಚಮ್ಮ.

ಹೊತ್ತು ಮುಳುಗುವಾಗ ಟಿಪ್ಪರ್ ಲಕ್ಕಪ್ಪನ ಗೇಟಿನ ಮುಂದೆ ನಿಂತಿತು. ತಾಯಿ ಮಗ ಸೇರಿ ಕಲ್ಲನ್ನು ಹೊತ್ತು ಗೇಟಿನ ನಟ್ಟನಡುವೆ ಇಳಿಸಿದರು. ಬಾಗಿಲು ತೆರೆದರೆ ಕಲ್ಲಿಗೆ ಬಡಿಯಬೇಕು. ಕೆಂಚಮ್ಮ ಬುಟ್ಟಿ ಬಿಚ್ಚಿದಳು. ಆರಿದ ಮುದ್ದೆ ಇಟ್ಟಳು. ಬಾಡು ಬಡಿಸಿದಳು. ಬ್ರಾಂದಿ ಚಿಮುಕಿಸಿದಳು. ಬೀಡಿ ಹಚ್ಚಿ ಕಲ್ಲಿನ ಮೇಲಿಟ್ಟಳು. ಕೈ ಮುಗಿದಳು.

"ಉಣ್ಣು. ಹೊತ್ತಾಯ್ತು" ಎಂದಳು.

ಲಕ್ಕಪ್ಪ ಬಂದು ನೋಡಿ ಹೌಹಾರಿದ. "ಥೂ! ಹೊಲೇರ ಹೆಣದ ಕಲ್ಲು, ಅಮಾಸೆ ದಿನ, ನನ್ ಬಾಗ್ಲಿಗೆ! ಎತ್ರೋ ಇದುನ್ನ!"

ಯಾರು ಎತ್ತಬೇಕು? ಊರಿನವರು ಗುಂಪು ಸೇರಿದರು, ದೂರವೇ ನಿಂತರು. ಹೆಣದ ಕಲ್ಲು, ಅದರ ಮೇಲೆ ಎಡೆ, ಅದೂ ಕೇರಿಯದು. ಮುಟ್ಟುವವರು ಯಾರೂ ಇರಲಿಲ್ಲ. ಇಂಥದ್ದನ್ನು ಎತ್ತಲು ಲಕ್ಕಪ್ಪನ ಮನೆಯಲ್ಲಿ ತಲೆಮಾರಿನಿಂದ ಇದ್ದದ್ದು ಕೇರಿಯವರ ಕೈ. ಸತ್ತ ದನವಾದರೂ ಅವರೇ, ಸತ್ತ ನಾಯಿಯಾದರೂ ಅವರೇ. ಕೇರಿಯೂ ಬಂದು ನಿಂತಿತ್ತು. ಭಾಗ್ಯ ಮುಂದೆ ಇದ್ದಳು, ಉಗುರು ತುಂಬ ಕೆಂಪು ಮಣ್ಣು. ಯಾರೂ ಕದಲಲಿಲ್ಲ.

"ಬೀರೇಶ, ಎತ್ತಾಕು" ಎಂದ ಶರತ್. "ಇಲ್ದಿದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ."

ಬೀರೇಶ ಟಿಪ್ಪರಿನ ಕೀಲಿ ತೆಗೆದು ಗೇಟಿನ ಸಂದಿಯಿಂದ ಒಳಕ್ಕೆ ಎಸೆದ. "ಅಪ್ಪನ್ನ ಎರಡು ಸಲ ಹೊರಾಕಿಲ್ಲ" ಎಂದ.

ಶರತ್ ಜೆಸಿಬಿ ಕರೆಸಲು ಫೋನು ತೆಗೆದ. ಒಳಗಿನಿಂದ ರಂಗಮ್ಮ ಚೀರಿದಳು: "ಬ್ಯಾಡ ಕಣೋ! ಹೆಣ ಕಿತ್ ಮೂತಿ ಅದು. ಅದುನ್ನ ಬಾಗ್ಲಿಗೆ ತರ್ಬ್ಯಾಡ!" ಬೆಳಗಿನ ಕೆಲಸಕ್ಕೆ ಮೈಲಿಗೆಯಾಗದ ಮಿಷನ್ನು ಸಂಜೆಗೆ ಮೈಲಿಗೆಯಾಯಿತು.

ಮಾರನೆಯ ದಿನ ಪೊಲೀಸರು ಬಂದರು. ದೂರು ಬರೆಯಬೇಕಾದರೆ ಅದು ಯಾರ ಕಲ್ಲು, ಎಲ್ಲಿಂದ ಬಂತು ಎಂದು ಬರೆಯಬೇಕು ಎಂದರು. ಶರತ್ ದೂರು ಕೊಡಲಿಲ್ಲ.

ಸೇಡು ಬೇರೆ ದಾರಿಯಲ್ಲಿ ಬಂತು. ಕೇರಿಯ ಹೆಂಗಸರಿಗೆ ಕೋರೆಯ ಕೂಲಿ ನಿಂತಿತು. ಊರಿನ ಹೊಲಗಳಲ್ಲಿ ಕರೆಯುವವರಿಲ್ಲ. ಡೈರಿಯಲ್ಲಿ ಕೇರಿಯ ಹಾಲನ್ನು ಮಾತ್ರ ದಿನವೂ ನೀರು ಹಾಲೆಂದು ವಾಪಸ್ ಕಳಿಸಿದರು. ಕೇರಿಯವರು ಮಾದಿಹಳ್ಳಿ, ಹಗರೆ ಎಂದು ಬಸ್ಸು ಹತ್ತಿ ಕೂಲಿ ಹುಡುಕಿದರು. ಕೆಲವರು ಕೆಂಚಮ್ಮನನ್ನೇ ಬೈದರು. ಅವಳು ಬೈಸಿಕೊಂಡಳು. ಗುಡ್ಡ ಹೋಗಿ ಹೊಂಡವಾಯಿತು, ಹೊಂಡದಲ್ಲಿ ಹಸಿರು ನೀರು ನಿಂತಿತು. ಮಂಗಳೂರಿನ ಗೋಡೆ ಬೆಳೆಯುತ್ತಿದೆ ಎಂದು ಟಿವಿಯಲ್ಲಿ ತೋರಿಸಿದರು. ಬೂದು ಬಂಡೆಗಳ ನಡುವೆ ಎಲ್ಲಾದರೂ ಬಿಳಿ ಕಾಣುತ್ತದೆಯೇ ಎಂದು ಭಾಗ್ಯ ಟಿವಿಗೆ ಮುಖ ಹಚ್ಚಿ ನೋಡಿದಳು.

ಕಲ್ಲು ಮಾತ್ರ ಕದಲಲಿಲ್ಲ. ಹೆಣದ ಕಲ್ಲೆಂದು ತಿಳಿದ ಹೊರಗಿನ ಕೂಲಿಯವರೂ ಮುಟ್ಟಲಿಲ್ಲ. ಲಕ್ಕಪ್ಪ ಹಿತ್ತಿಲ ಗೋಡೆ ಒಡೆಸಿ ಕಾರಿಗೆ ದಾರಿ ಮಾಡಿಸಿದ. ಮನೆಯವರೆಲ್ಲ ಈಗ ಹಿತ್ತಿಲ ಬಾಗಿಲಲ್ಲೇ ಓಡಾಡುತ್ತಾರೆ. ಮಗಳು ಸೌಂದರ್ಯಳನ್ನು ನೋಡಲು ಬಂದ ಬೀಗರೂ ಸಗಣಿ ಗುಂಡಿ ದಾಟಿಕೊಂಡೇ ಒಳಗೆ ಹೋದರು. ಪ್ರತಿ ಅಮಾವಾಸ್ಯೆ ಕೆಂಚಮ್ಮ ಸುಣ್ಣದ ಕುಡಿಕೆ ಹಿಡಿದು ಬರುತ್ತಾಳೆ. ಬಳಿಯುತ್ತಾಳೆ. ಬೀಡಿ ಹಚ್ಚಿಟ್ಟು ಹೋಗುತ್ತಾಳೆ.

ಒಂದು ಅಮಾವಾಸ್ಯೆ ಲಕ್ಕಪ್ಪ ಒಬ್ಬನೇ ಸುತ್ತು ಹಾಕಿಕೊಂಡು ಗೇಟಿನ ಮುಂದೆ ಬಂದ. ದನಿ ಇಳಿದಿತ್ತು.

"ಕೆಂಚಮ್ಮ, ಮಗಳ ಮದ್ವೆ ಐತೆ. ದೊಡ್ಡ ಮನಸ್ ಮಾಡಿ ಎತ್ತುಸ್ಬುಡವ್ವ. ಎಲ್ಲಾದ್ರೂ ಜಾಗ ಕೊಡ್ತೀನಿ."

ಕೆಂಚಮ್ಮ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಕಲ್ಲಿನ ಒಂದು ಕಡೆ ಬಗ್ಗಿ ಕೈ ಕೊಟ್ಟಳು.

"ಆಯ್ತು. ಒಬ್ಬರ ಕೈಲಿ ಆಗಾಕಿಲ್ಲ. ಇದು ಇಬ್ಬರು ಎತ್ತಿದ್ ಕಲ್ಲು. ಈ ಕಡೆ ನಾನು ಹಿಡೀತೀನಿ. ಆ ಕಡೆ ನೀವು ಹಿಡ್ಕಳಿ."

ಅವಳು ಬಗ್ಗಿಯೇ ಕಾದಳು.

ಲಕ್ಕಪ್ಪ ಕಲ್ಲನ್ನು ನೋಡಿದ. ಅವಳ ಕೈ ನೋಡಿದ. ತನ್ನ ಎರಡೂ ಕೈ ನೋಡಿಕೊಂಡ. ನೆಟ್ಟಗಿದ್ದವು ಎರಡೂ. ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿತ್ತಿಲ ಬಾಗಿಲ ಕಡೆಗೆ ನಡೆದ.